ಗಿರಿಯಿಂದ ಕೆರೆಗೆ

ಮಲೆನಾಡಿನ ಮಾರ್ಗಗಳಲ್ಲಿ ಇಂದು ವಾಹನಗಳು ಹೆಚ್ಚಿವೆ. ನೋಡುವ ಕಣ್ಣುಗಳು ಹೆಚ್ಚಿವೆಯೆಂದು ಹೇಳಲಾರೆ. ಚಿಕ್ಕಮಗಳೂರಿನಿಂದ ಮುಳ್ಳಯ್ಯನಗಿರಿಗೆ ಹೋಗುವವರಲ್ಲಿ ಅನೇಕರು 1,930 ಮೀಟರ್ ಎತ್ತರದ ಆ ಶಿಖರದ ಮೇಲೆ ಚಿತ್ರ ತೆಗೆದುಕೊಂಡು ಅವಸರದಿಂದ ಇಳಿದುಬಿಡುತ್ತಾರೆ. ಕರ್ನಾಟಕದ ಅತ್ಯುನ್ನತ ಶಿಖರವನ್ನು ಏರಿದವರು ಆ ಗಿರಿಗಳಿಂದ ನಾಡಿಗೆ ಒದಗುವ ಉಪಕಾರವನ್ನು ಅರಿಯದೆ ಮರಳುವುದು ವಿಷಾದಕರ.

ಈ ಬಾಬಾಬುಡನ್‌ಗಿರಿ ಶ್ರೇಣಿಯ ಹುಲ್ಲುಗಾವಲುಗಳೂ ಶೋಲಾ ಕಾಡುಗಳೂ ಮಳೆಯ ನೀರನ್ನು ಹೀರಿಟ್ಟುಕೊಂಡು ಮೆಲ್ಲಮೆಲ್ಲನೆ ತೊರೆಗಳಿಗೆ ಬಿಡುತ್ತವೆ. ಪೂರ್ವದ ಇಳಿಜಾರಿನ ನೀರು ಸಖರಾಯಪಟ್ಟಣದ ಸಮೀಪದ ಅಯ್ಯನಕೆರೆಯನ್ನು ತುಂಬಿ, ಹೊಲಗದ್ದೆಗಳನ್ನು ತಣಿಸಿ, ಮುಂದೆ ವೇದಾವತಿಯಲ್ಲಿ ಕೂಡಿ, ಬಯಲುಸೀಮೆಯಲ್ಲಿ 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರವನ್ನು ಸೇರುತ್ತದೆ. ಗಿರಿಯ ಮೇಲೆ ಎಸೆದ ಕಸವೂ ಇದೇ ದಾರಿಯನ್ನು ಹಿಡಿಯಬಲ್ಲದು.

ಆದುದರಿಂದ ಪ್ರವಾಸವು ನಿಧಾನವಾಗಿರಲಿ. ತೋಟದ ಮನೆಗಳಲ್ಲಿ ತಂಗುವ ಅನುಕೂಲ ಈಗ ಮಲೆನಾಡಿನ ಹಲವೆಡೆ ಉಂಟು. ಅಲ್ಲಿ ಎರಡು ದಿನ ನಿಂತವನು ಕಾಫಿಯ ಹಣ್ಣನ್ನು ಆರಿಸಿ ಬಿಡಿಸುವ ಕೈಗಳ ಶ್ರಮವನ್ನೂ, ಹೂಮಳೆಗಾಗಿ ಆಕಾಶವನ್ನು ನೋಡುವ ಬೆಳೆಗಾರನ ಕಳವಳವನ್ನೂ ಕಾಣುತ್ತಾನೆ. ಹಣ ತೆತ್ತ ಮಾತ್ರಕ್ಕೆ ಗಿರಿಯೂ ಕೆರೆಯೂ ನಮ್ಮವಾಗವು. ಅಲ್ಲಿ ನಾವು ಅತಿಥಿಗಳು. ಅತಿಥಿಗೆ ಸತ್ಕಾರವು ಸಲ್ಲುವಂತೆ ಸಂಯಮದ ಹೊಣೆಯೂ ಸಲ್ಲುತ್ತದೆ.