ವಿನ್ಯಾಸ ಪದವಿಯ ಸಾಲ: ಸಹಿ ಹಾಕುವ ಮುನ್ನ

ಪಿಯುಸಿ ಫಲಿತಾಂಶ ಹೊರಬಿದ್ದೊಡನೆ ನಮ್ಮ ಮನೆಗಳಲ್ಲಿ ಹಿಂದೆ ಕೇಳಿಬರುತ್ತಿದ್ದುದು ವೈದ್ಯಕೀಯ, ಎಂಜಿನಿಯರಿಂಗ್, ನರ್ಸಿಂಗ್ ಎಂಬ ಮೂರು ಹೆಸರುಗಳು. ಈಗ ಅವುಗಳ ಸಾಲಿಗೆ ಡಿಸೈನ್, ಅಂದರೆ ವಿನ್ಯಾಸ ಪದವಿಯೂ ಸೇರಿದೆ. ಚಿತ್ರ ಬಿಡಿಸುವ ಕೈಚಳಕವುಳ್ಳ ಮಗನೋ ಮಗಳೋ ಇದನ್ನೇ ಕಲಿಯುವೆನೆಂದಾಗ ಹೆತ್ತವರಿಗೆ ಹೆಮ್ಮೆಯೂ ಆಗುತ್ತದೆ, ದಿಗಿಲೂ ಆಗುತ್ತದೆ. ಎರಡಕ್ಕೂ ಕಾರಣವಿದೆ.

ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1961ರಲ್ಲಿಯೂ ನಿಫ್ಟ್ ಎಂದೇ ಪರಿಚಿತವಾದ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ 1986ರಲ್ಲಿಯೂ ಆರಂಭಗೊಂಡವು. ಇಂತಹ ಸರಕಾರಿ ಸಂಸ್ಥೆಗಳಲ್ಲಿ ಸೀಟುಗಳು ಮಿತ, ಆಕಾಂಕ್ಷಿಗಳು ಬಹಳ. ಅಲ್ಲಿ ಅವಕಾಶ ದೊರೆಯದವರು ದುಬಾರಿ ಶುಲ್ಕದ ಖಾಸಗಿ ಕಾಲೇಜುಗಳತ್ತ ತಿರುಗುತ್ತಾರೆ. ಸಾಮಾನ್ಯ ಕುಟುಂಬಕ್ಕೆ ಆಗ ಬ್ಯಾಂಕ್ ಸಾಲವೇ ದಾರಿ.

ಈ ಸಾಲದ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಬರೆದು ನೋಡೋಣ. ನಾಲ್ಕು ವರ್ಷದ ಪದವಿಗೆ ವರ್ಷಕ್ಕೆ ಎರಡೂವರೆ ಲಕ್ಷದಂತೆ ಒಟ್ಟು 10 ಲಕ್ಷ ರೂಪಾಯಿ ಸಾಲ, ಬಡ್ಡಿ ಶೇಕಡಾ 10 ಎಂದಿಟ್ಟುಕೊಳ್ಳೋಣ. ಓದಿನ ಅವಧಿ ಹಾಗೂ ಅನಂತರದ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ. ಆದರೆ ಬಡ್ಡಿಗೆ ಬಿಡುವಿಲ್ಲ. ಸರಳ ಬಡ್ಡಿಯ ಲೆಕ್ಕದಲ್ಲಿಯೇ ಅದು ಮೂರೂವರೆ ಲಕ್ಷವಾಗಿ, ಮೊದಲ ಕಂತಿನ ಹೊತ್ತಿಗೆ ಸಾಲ ಹದಿಮೂರೂವರೆ ಲಕ್ಷಕ್ಕೆ ಬೆಳೆದಿರುತ್ತದೆ. ಹತ್ತು ವರ್ಷಗಳಲ್ಲಿ ತೀರಿಸುವುದಾದರೆ ತಿಂಗಳ ಕಂತು ಸುಮಾರು 17,800 ರೂಪಾಯಿ. ಒಟ್ಟು ಪಾವತಿ 21 ಲಕ್ಷಕ್ಕೂ ಮಿಕ್ಕಿ. ಹದಿನೈದು ವರ್ಷಗಳಿಗೆ ವಿಸ್ತರಿಸಿದರೆ ಕಂತು 14,500ಕ್ಕೆ ಇಳಿಯುತ್ತದೆ, ಒಟ್ಟು ಪಾವತಿ 26 ಲಕ್ಷಕ್ಕೆ ಏರುತ್ತದೆ. ಓದುವಾಗಲೇ ಆಗಿಂದಾಗ್ಗೆ ಬಡ್ಡಿ ಕಟ್ಟುತ್ತ ಹೋದರೆ ಹತ್ತು ವರ್ಷದ ಸಾಲದಲ್ಲಿ ಸುಮಾರು ಎರಡು ಲಕ್ಷ ಉಳಿಯುತ್ತದೆ. ಇದು ಎಷ್ಟೋ ಹೆತ್ತವರ ಗಮನಕ್ಕೆ ಬಾರದ ಸಂಗತಿ.

ಇನ್ನು ಆದಾಯದ ಮಾತು. ಹೊಸ ಪದವೀಧರೆಗೆ ಬೆಂಗಳೂರಿನಲ್ಲಿ 30,000 ರೂಪಾಯಿ ಸಂಬಳ ದೊರೆತರೆ ಕಂತು ಕಳೆದು ಕೈಯಲ್ಲಿ ಉಳಿಯುವುದು 12,200. ವಸತಿ, ಊಟ, ಬಸ್ಸು ಎಲ್ಲವೂ ಅದರಲ್ಲಿಯೇ ಆಗಬೇಕು. ಕಂತು ಸಂಬಳದ ಮೂರನೆಯ ಒಂದು ಪಾಲನ್ನು ಮೀರಬಾರದೆಂದರೆ ಸಂಬಳ 53,000ಕ್ಕಿಂತ ಹೆಚ್ಚಿರಬೇಕು. ವಿನ್ಯಾಸಕಾರರಲ್ಲಿ ಅನೇಕರು ಮಾಸಿಕ ಸಂಬಳವಿಲ್ಲದೆ ಸ್ವತಂತ್ರವಾಗಿ ದುಡಿಯುವವರು. ಅವರ ಆದಾಯ ತಿಂಗಳಿಂದ ತಿಂಗಳಿಗೆ ಏರಿಳಿಯುತ್ತದೆ. ಸಾಲದ ಕಂತು ಏರಿಳಿತವನ್ನು ಕೇಳುವುದಿಲ್ಲ.

ಕಾಲೇಜುಗಳ ಜಾಹೀರಾತಿನ 'ಸರಾಸರಿ ಸಂಬಳ'ದ ಬಗೆಗೂ ಎಚ್ಚರ ಅಗತ್ಯ. ಐವರಲ್ಲಿ ನಾಲ್ವರಿಗೆ 25,000, ಒಬ್ಬನಿಗೆ ಎರಡು ಲಕ್ಷ ದೊರೆತರೆ ಸರಾಸರಿ 60,000 ಆಗುತ್ತದೆ. ಅಷ್ಟು ಸಂಬಳ ಪಡೆದವರು ಮಾತ್ರ ಆ ಐವರಲ್ಲಿ ಯಾರೂ ಇಲ್ಲ! ಆದುದರಿಂದ ತರಗತಿಯಲ್ಲಿ ಎಷ್ಟು ಮಂದಿಗೆ ಕೆಲಸ ದೊರೆಯಿತು, ನಡುವಿನ ಸ್ಥಾನದಲ್ಲಿರುವವನ ಸಂಬಳವೆಷ್ಟು ಎಂದು ಕೇಳಬೇಕು. ಮೂರು ವರ್ಷದ ಹಿಂದೆ ಅಲ್ಲಿ ಕಲಿತವರನ್ನು ಕಂಡು ಮಾತನಾಡಿಸುವುದು ಇನ್ನೂ ಉತ್ತಮ.

ಸರಕಾರದ ನೆರವು ಇಲ್ಲದಿಲ್ಲ. 2024ರ ನವೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟ ಅಂಗೀಕರಿಸಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಡಿ ಜಾಮೀನು, ಅಡಮಾನಗಳಿಲ್ಲದೆ ಸಾಲ ದೊರೆಯುತ್ತದೆ. ವಾರ್ಷಿಕ ಆದಾಯ 8 ಲಕ್ಷದೊಳಗಿನ ಕುಟುಂಬಗಳಿಗೆ 10 ಲಕ್ಷದವರೆಗಿನ ಸಾಲದ ಮೇಲೆ, ಕಂತು ಆರಂಭವಾಗುವ ತನಕ, ಶೇಕಡಾ 3ರ ಬಡ್ಡಿ ರಿಯಾಯಿತಿಯನ್ನೂ ಅದು ಒಳಗೊಂಡಿದೆ. ಆದರೆ ಇದು ಪಟ್ಟಿಯಲ್ಲಿರುವ ಸಂಸ್ಥೆಗಳಿಗೆ ಮಾತ್ರ. ಸೇರಬಯಸುವ ಕಾಲೇಜು ಆ ಪಟ್ಟಿಯಲ್ಲಿದೆಯೇ ಎಂಬುದನ್ನು ಶುಲ್ಕ ಕಟ್ಟುವ ಮುನ್ನವೇ ತಿಳಿಯಬೇಕು. ಪಟ್ಟಿಯ ಹೊರಗಿನ ಕಾಲೇಜಿಗೆ ಏಳೂವರೆ ಲಕ್ಷ ಮೀರಿದ ಸಾಲ ಬೇಕಾದಾಗ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿಯ ಆಧಾರ ಕೇಳುತ್ತವೆ.

ಇಲ್ಲಿಯೇ ವಿಷಯದ ಮರ್ಮವಿದೆ. ಶಿಕ್ಷಣ ಸಾಲ ಮಗುವಿನ ಹೆಸರಿನಲ್ಲಿದ್ದರೂ ತಂದೆಯೋ ತಾಯಿಯೋ ಅದರ ಸಹಸಾಲಗಾರರು. ಕಂತು ತಪ್ಪಿದರೆ ನಿವೃತ್ತಿಯ ಉಳಿತಾಯ, ಹಿತ್ತಿಲ ಜಾಗ, ಕಿರಿಯ ಮಕ್ಕಳ ಓದು ಎಲ್ಲಕ್ಕೂ ಅದರ ಬಿಸಿ ತಟ್ಟುತ್ತದೆ. ಸಾಲ ಇಡೀ ಕುಟುಂಬದ್ದಾಗಿರುವಾಗ ನಿರ್ಧಾರವೂ ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ಕೈಗೊಂಡದ್ದಾಗಿರಬೇಕು.

ಹಾಗೆಂದು ಪ್ರತಿಭೆಯನ್ನು ಅದುಮಿಡಬೇಕೆಂದು ನಾವು ಹೇಳುತ್ತಿಲ್ಲ. ಅದು ದೇವರಿತ್ತ ವರ. ನೆಲದಲ್ಲಿ ಹೂತಿಡಲು ಕೊಟ್ಟದ್ದಲ್ಲ. ಸರಕಾರಿ ಸಂಸ್ಥೆಯ ಪ್ರವೇಶ ಪರೀಕ್ಷೆಗೆ ಇನ್ನೊಂದು ವರ್ಷ ಸಿದ್ಧತೆ ನಡೆಸುವುದು, ಕಡಿಮೆ ಶುಲ್ಕದ ದೃಶ್ಯಕಲಾ ಪದವಿ ಸೇರುವುದು, ಮದುವೆಯ ರೋಸ್ ಸಮಾರಂಭದ ಆಡಂಬರವನ್ನು ಮೊಟಕುಗೊಳಿಸಿ ಓದಿಗೆ ಉಳಿಸುವುದು, ಇವೆಲ್ಲವೂ ತೆರೆದ ದಾರಿಗಳೇ.

ನಮ್ಮ ಹಿರಿಯರು 1912ರಲ್ಲಿಯೇ ಮಂಗಳೂರಿನಲ್ಲಿ ಕ್ಯಾಥೊಲಿಕ್ ಸಹಕಾರಿ ಬ್ಯಾಂಕನ್ನು ಕಟ್ಟಿದವರು. ಆ ಪರಂಪರೆಯ ನಾವು ಪ್ರತಿಯೊಂದು ಧರ್ಮಕೇಂದ್ರದಲ್ಲಿ ವರ್ಷಕ್ಕೊಂದು ಭಾನುವಾರ, ಬಲಿಪೂಜೆಯ ಬಳಿಕ, ಬ್ಯಾಂಕ್ ಅಧಿಕಾರಿಯೊಬ್ಬರನ್ನೂ ವೃತ್ತಿನಿರತ ವಿನ್ಯಾಸಕಾರರೊಬ್ಬರನ್ನೂ ಕರೆಸಿ ಹೆತ್ತವರ ಸಂಶಯ ಪರಿಹರಿಸಲಾರೆವೇ? ಗೋಪುರ ಕಟ್ಟಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂಬುದು ಸಂತ ಲೂಕರ ಶುಭಸಂದೇಶದಲ್ಲಿ ಯೇಸುಸ್ವಾಮಿ ಕಲಿಸಿದ ಪಾಠ. ಗೋಪುರ ಬೇಡವೆಂದು ಅವರು ಹೇಳಲಿಲ್ಲ. ಬುನಾದಿಯಲ್ಲಿಯೇ ನಿಂತುಹೋಗುವ ಗೋಪುರ ನಮ್ಮ ಮಕ್ಕಳದ್ದಾಗದಿರಲಿ.