ಮಿತಪಾನವೆಂಬ ಭ್ರಾಂತಿ

“ಮಿತವಾಗಿ ಕುಡಿದರೆ ಕೆಡುಕೇನು?” ಎಂದು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತರುಣರು ವಾದಿಸುವುದುಂಟು. ಅಟ್ಟಕ್ಕೇರಿಸಿದ ಕಾಯಿ ಕೊಬ್ಬರಿಯಾಗಲು ಹತ್ತು ಹನ್ನೆರಡು ತಿಂಗಳು ಬೇಕು. ಒಳಗಿನ ನೀರು ಬತ್ತುವುದು ಹೊರಗೆ ಕಾಣದು. ವ್ಯಸನವೂ ಹಾಗೆಯೇ. ಮೊದಲು ಕೊಬ್ಬರಿ ಮಾರಿದ ದಿನದ ಸಂತೋಷಕೂಟ. ಅನಂತರ ಅದೇ ಅಮಲಿಗೆ ಇಮ್ಮಡಿ ಪ್ರಮಾಣ. ಕಡೆಗೆ, ಬೆಳಗಾಗುತ್ತಲೇ ನಡುಗುವ ಕೈಯನ್ನು ನಿಲ್ಲಿಸುವುದಕ್ಕಾಗಿಯೇ ಕುಡಿತ. ಆಗ ಮಿತವನ್ನು ಗೊತ್ತುಮಾಡುವುದು ಮನುಷ್ಯನಲ್ಲ, ಮದ್ಯ.

2007ರ ಜುಲೈನಲ್ಲಿ ನಮ್ಮ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಸರಕು ಬದಲಾಯಿತೇ ಹೊರತು ಚಟ ಅಳಿಯಲಿಲ್ಲ. ಸಂವಿಧಾನದ 47ನೆಯ ವಿಧಿ ಪಾನನಿಷೇಧಕ್ಕೆ ಯತ್ನಿಸಬೇಕೆನ್ನುತ್ತದೆ. ಸರ್ಕಾರವೋ ವರ್ಷವರ್ಷವೂ ಅಬಕಾರಿ ವರಮಾನಕ್ಕೆ ಗುರಿ ನಿಗದಿಮಾಡುತ್ತದೆ!

ಮಠದ ಮುಂದೆ ಆಣೆಯಿಡಿಸಿದರೆ ಸಾಕೆಂಬ ನಂಬಿಕೆಯೂ ಅರ್ಧಸತ್ಯವೇ. ಬಹುಕಾಲ ಕುಡಿದವನು ಥಟ್ಟನೆ ಬಿಟ್ಟರೆ ಸೆಳವು, ಸನ್ನಿ ತಲೆದೋರಿ ಪ್ರಾಣಕ್ಕೇ ಅಪಾಯವಾದೀತು. ಅವನಿಗೆ ಸಂಕಲ್ಪದೊಡನೆ ವೈದ್ಯನೂ ಬೇಕು. ಮಾನಕ್ಕಂಜಿ ಮುಚ್ಚಿಡುವ ಮನೆತನ ರೋಗವನ್ನೇ ಪೋಷಿಸುತ್ತದೆ. ಸದ್ಭಕ್ತರೇ, ಕೈ ನಡುಗುವ ತನಕ ಕಾಯಬೇಡಿರಿ; ಪ್ರಮಾಣ ಹೆಚ್ಚಿತೆಂದು ತಿಳಿದ ದಿನವೇ ಅವನನ್ನು ಆಸ್ಪತ್ರೆಗೆ ಕರೆದೊಯ್ಯಿರಿ. ಅದೂ ಶಿವಸೇವೆಯೇ.