ಕೂಸಿನ ಕಿವಿಗೆ ಪಿನ್ನು ಬೇಡ

"ಗುಗ್ಗಿ ಕಲ್ಲಾಗೇತಿ ನೋಡವಾ, ಬಳ್ಳೊಳ್ಳಿ ಹಾಕಿ ಒಂದೀಟು ಎಣ್ಣಿ ಕಾಸ್ಕೊಂಬಾ." ಎರೆದ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡ ಅಜ್ಜಿಯ ಈ ಮಾತು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ಮನೆಗಳಿಗೆ ಹೊಸದಲ್ಲ. ಎಣ್ಣೆಗೆ ಬಗ್ಗದಿದ್ದರೆ ಸೀರೆಯ ಪಿನ್ನು, ಬೆಂಕಿಕಡ್ಡಿ, ಈಗ ಬಡ್ಸ್. ಅಕ್ಕರೆಯಿಂದಲೇ ಮಾಡುವ ಕೆಲಸ, ಆದರೆ ಮಗುವಿನ ಕಿವಿಗೆ ಅಪಾಯ.

ಗುಗ್ಗೆ ಕೊಳೆಯಲ್ಲ. ಧೂಳು, ನೀರು ಒಳಹೋಗದಂತೆ ಕಿವಿಯೇ ಒಸರಿಸಿಕೊಳ್ಳುವ ಅಂಟು. ಕಿವಿನಾಳದ ಚರ್ಮ ಒಳಗಿನಿಂದ ಹೊರಕ್ಕೆ ನಿಧಾನವಾಗಿ ಸರಿಯುತ್ತಿರುತ್ತದೆ. ಅಗಿಯುವಾಗ ದವಡೆ ಆಡಿದಂತೆ ಗುಗ್ಗೆಯೂ ಅದರೊಂದಿಗೆ ಹೊರಬೀಳುತ್ತದೆ. ದೊಡ್ಡವರಲ್ಲೇ ಈ ನಾಳ ಸುಮಾರು 2.5 ಸೆಂ.ಮೀ. ಉದ್ದ, ಮಕ್ಕಳಲ್ಲಿ ಇನ್ನೂ ಗಿಡ್ಡ, ಇನ್ನೂ ಇಕ್ಕಟ್ಟು. ಬಡ್ಸ್‌ಗೆ ಚೂರು ಅಂಟಿ ಬಂದರೆ ಉಳಿದದ್ದು ಒಳಗೆ ಒತ್ತಿಕೊಂಡು ಗಟ್ಟಿಯಾಗುತ್ತದೆ. ಪಿನ್ನು ಒಳಗಿರುವಾಗ ಮಗು ಒಮ್ಮೆ ಕೊಸರಿದರೆ ಸಾಕು, ಕಿವಿಯ ತಮಟೆ ಹರಿದೀತು. ಕಾದ ಎಣ್ಣೆ ಸುಡುವುದೂ ಉಂಟು. ಮೆಣಸಿನಕಾಯಿ ತೊಟ್ಟು ಮುರಿದು ಬಂದ ಬ್ಯಾಡಗಿಯ ತಾಯಂದಿರೇ, ಆ ಖಾರ ಒಂದು ತೊಳೆತಕ್ಕೆ ಬೆರಳು ಬಿಡುವುದಿಲ್ಲ. ಕೂಸಿನ ಕಿವಿ, ಕಣ್ಣಿನ ಹತ್ತಿರ ಆ ಕೈ ಒಯ್ಯಬೇಡಿ.

ಕಿವಿ ಕಟ್ಟಿದೆ ಎಂದು ಸಣ್ಣ ಮಗು ಹೇಳಲಾರದು. ಕಿವಿ ಜಗ್ಗಿಕೊಳ್ಳುತ್ತದೆ, ಟಿವಿ ಸದ್ದು ಏರಿಸುತ್ತದೆ, ಕೂಗಿದರೆ ತಿರುಗುವುದಿಲ್ಲ. ಶಾಲೆಯಲ್ಲಿ 'ಲಕ್ಷ್ಯ ಇಲ್ಲ', 'ದಡ್ಡ' ಎಂಬ ಹೆಸರು ಬೀಳುತ್ತದೆ. ನನಗೆ ಎಲ್ಲಕ್ಕಿಂತ ಸಂಕಟವಾಗುವುದು ಇದಕ್ಕೇ. ಕೇಳಿಸದೇ ಇದ್ದುದಕ್ಕೆ ಮಗು ಬೈಸಿಕೊಳ್ಳಬೇಕೇ? ಮಾಸ್ತರರೇ, ಅಕ್ಕೋರೇ, ಬೈಯುವ ಮೊದಲು ಹಿಂದಿನಿಂದ ಒಮ್ಮೆ ಮೆಲ್ಲಗೆ ಹೆಸರು ಕರೆದು ನೋಡಿ.

ವೈದ್ಯರು ಮೊದಲು ದೀಪ ಹಿಡಿದು ಕಿವಿಯೊಳಗೆ ನೋಡುತ್ತಾರೆ. ತಮಟೆ ಸರಿಯಿದ್ದರೆ ಕೆಲವು ದಿನ ಔಷಧದ ಹನಿ ಹಾಕಿಸಿ ಗುಗ್ಗೆ ಮೆತ್ತಗಾಗಿಸುತ್ತಾರೆ. ಆಮೇಲೂ ಉಳಿದರೆ ಮೈ ಬಿಸಿಯಷ್ಟೇ ಬೆಚ್ಚಗಿನ ನೀರಿನಲ್ಲಿ ತೊಳೆಯುತ್ತಾರೆ, ಇಲ್ಲವೇ ಯಂತ್ರದಿಂದ ಹೀರಿ ತೆಗೆಯುತ್ತಾರೆ. ತಮಟೆಯಲ್ಲಿ ತೂತಿದ್ದರೆ, ಕಿವಿ ಸೋರುತ್ತಿದ್ದರೆ ಮನೆಯ ಎಣ್ಣೆಯೂ ಬೇಡ, ನೀರೂ ಬೇಡ. ತೂತಿದೆಯೋ ಇಲ್ಲವೋ ಬರಿಗಣ್ಣಿಗೆ ತಿಳಿಯುವುದಿಲ್ಲ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬಂದು ಮಕ್ಕಳನ್ನು ತಪಾಸಣೆ ಮಾಡಬೇಕು. ಆ ದಿನ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳಬೇಡಿ. ಕಿವಿಯನ್ನೂ ನೋಡಿ ಎಂದು ಕೇಳಿ. ನೋವು, ಜ್ವರ, ಸೋರಿಕೆ ಕಂಡರೆ ಅಲ್ಲಿಯವರೆಗೂ ಕಾಯದೆ ತಾಲ್ಲೂಕು ಆಸ್ಪತ್ರೆಗೋ ಹಾವೇರಿಯ ಜಿಲ್ಲಾಸ್ಪತ್ರೆಗೋ ಕರೆದುಕೊಂಡು ಹೋಗಿ.